ಎಂಟು ಮೂಲೆಯ ಹಳೇ ಬಜಾರು

ಸಿಂಗಾಪುರಕ್ಕೆ ಬಂದ ಮೊದಲ ವಾರ ಟೀಮಿನ ಹುಡುಗನೊಬ್ಬ "ಊಟಕ್ಕೆ ಲಾವ್ ಪಾ ಸಾಟ್‌ಗೆ ಹೋಗೋಣ" ಅಂದ. ಯಾವುದೋ ಚೀನೀ ಹೋಟೆಲಿನ ಹೆಸರು ಇರಬೇಕು ಅಂದ್ಕೊಂಡು ಹಿಂದೆ ಹೋದೆ. ಹೋಗಿ ನೋಡಿದರೆ, ಸುತ್ತ ಬ್ಯಾಂಕುಗಳ ಗಗನಚುಂಬಿ ಕಟ್ಟಡಗಳು, ಮಧ್ಯೆ ಎಂಟು ಮೂಲೆಯ ಒಂದು ಕಬ್ಬಿಣದ ಮಂಟಪ, ತಲೆ ಮೇಲೆ ಗಡಿಯಾರದ ಗೋಪುರ. ಒಳಗೆ ಸಾಲು ಸಾಲು ತಿಂಡಿ ಅಂಗಡಿಗಳು. ಖಾಲಿ ಮೇಜಿನ ಮೇಲೆ ಯಾರೋ ಟಿಶ್ಯೂ ಪೊಟ್ಟಣ ಇಟ್ಟಿದ್ದರು. ಎತ್ತಿ ಪಕ್ಕಕ್ಕಿಡಲು ಹೋದೆ, ಅವನು ಗಾಬರಿಯಾಗಿ ಕೈ ಹಿಡಿದ! ಹಾಗೆ ಇಟ್ಟರೆ ಮೇಜು ಹಿಡಿದಂತೆ. ನಮ್ಮಲ್ಲಿ ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆಯುವುದಿಲ್ಲವೇ, ಅದೇ :)

ಆಮೇಲೆ ಹೆಸರಿನ ಹಿಂದೆ ಬಿದ್ದೆ. ಇಲ್ಲಿನ ಚೀನೀಯರ ಹೊಕ್ಕಿಯೆನ್ ಮಾತಿನಲ್ಲಿ 'ಲಾವ್' ಅಂದರೆ ಹಳೆಯದು. 'ಪಾ ಸಾಟ್' ಮಲಯ ಭಾಷೆಯ 'ಪಸಾರ್'. ಆ ಪಸಾರ್ ಬಂದಿದ್ದು ಪರ್ಶಿಯನ್ನಿನ 'ಬಾಜಾರ್'ನಿಂದ. ಅಂದರೆ ನಮ್ಮ ಬಜಾರೇ! ಒಂದೇ ಮಾತು ಒಂದು ದಾರಿಯಲ್ಲಿ ನಮ್ಮೂರಿಗೆ ಬಂತು, ಇನ್ನೊಂದು ದಾರಿಯಲ್ಲಿ ಸಮುದ್ರ ದಾಟಿ ಚೀನೀ ವೇಷ ಹಾಕಿಕೊಂಡಿತು.

ಹಳೇ ಬಜಾರು ಅನ್ನುವುದು ಸುಮ್ಮನೆ ಇಟ್ಟ ಹೆಸರಲ್ಲ. 1820ರ ದಶಕದಲ್ಲೇ ತೆಲೊಕ್ ಆಯರ್ ಎಂಬ ಕೊಲ್ಲಿಯ ದಡದಲ್ಲಿ ಇಲ್ಲೊಂದು ಮೀನು-ತರಕಾರಿ ಮಾರುಕಟ್ಟೆ ಇತ್ತು. ಐರ್ಲೆಂಡಿನ ವಾಸ್ತುಶಿಲ್ಪಿ ಜಾರ್ಜ್ ಕೋಲ್‌ಮನ್ ಅದನ್ನು ಎಂಟು ಮೂಲೆಯ ಕಟ್ಟಡವಾಗಿ ಹೊಸದಾಗಿ ಕಟ್ಟಿದ. 1838ರ ಹೊತ್ತಿಗೆ ಅದು ಮುಗಿಯಿತು. ಆಗ ಅದು ನೀರಿಗೆ ಅಂಟಿಕೊಂಡೇ ಇತ್ತು. ಮುಂದೆ 1879ರಿಂದ ಸಮುದ್ರಕ್ಕೆ ಮಣ್ಣು ತುಂಬಲು ಶುರುಮಾಡಿದಾಗ ಹಳೇ ಮಾರುಕಟ್ಟೆ ಹೋಯಿತು. ಹೊಸ ನೆಲದ ಮೇಲೆ ಮುನಿಸಿಪಲ್ ಎಂಜಿನಿಯರ್ ಜೇಮ್ಸ್ ಮ್ಯಾಕ್‌ರಿಚಿ ಮತ್ತೊಂದನ್ನು ಕಟ್ಟಿಸಿದ, 1894ರಲ್ಲಿ. ಕೋಲ್‌ಮನ್‌ನ ಎಂಟು ಮೂಲೆಯನ್ನು ಬಿಡಲಿಲ್ಲ, ಆದರೆ ಈ ಸಲ ಎರಕದ ಕಬ್ಬಿಣ. ಕಂಬ, ಕಮಾನುಗಳೆಲ್ಲ ಸ್ಕಾಟ್ಲೆಂಡಿನ ಗ್ಲ್ಯಾಸ್ಗೋದಲ್ಲಿ ವಾಲ್ಟರ್ ಮ್ಯಾಕ್‌ಫರ್ಲೇನ್ ಕಾರ್ಖಾನೆಯಲ್ಲಿ ತಯಾರಾಗಿ ಹಡಗಿನಲ್ಲಿ ಬಂದವು. ಈಗ ಅಲ್ಲಿಂದ ಸಮುದ್ರ ನೋಡಬೇಕೆಂದರೆ ಸಾಕಷ್ಟು ನಡೆಯಬೇಕು.

ಎಂಜಿನಿಯರ್ ಆಗಿ ನನಗೆ ಹೊಟ್ಟೆಕಿಚ್ಚು ತರಿಸಿದ್ದು ಮುಂದಿನ ಕಥೆ. 1986ರಲ್ಲಿ ನೆಲದಡಿ ರೈಲಿಗೆ ಸುರಂಗ ಕೊರೆಯುವಾಗ ಕಟ್ಟಡಕ್ಕೆ ಪೆಟ್ಟಾಗದಿರಲಿ ಎಂದು ಇಡೀ ಕಬ್ಬಿಣದ ಚೌಕಟ್ಟನ್ನು ಬಿಚ್ಚಿ ಎತ್ತಿಟ್ಟರು. ಸುರಂಗದ ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಜೋಡಿಸಿದರು! ನಾವು ಹಳೇ ಕೋಡನ್ನು ಬಿಚ್ಚಿ ಜೋಡಿಸಿದಾಗ ಎರಡು ಮೊಳೆಯಾದರೂ ಕೈಯಲ್ಲೇ ಉಳಿದಿರುತ್ತವೆ.

ಅಷ್ಟರಲ್ಲಾಗಲೇ ಇಲ್ಲಿ ಮೀನು, ತರಕಾರಿ ಹೋಗಿ ತಿಂಡಿ ಬಂದಿತ್ತು. 1970ರ ದಶಕದ ಶುರುವಿನಲ್ಲಿ ಸುತ್ತಲಿನ ಶೆಂಟನ್ ವೇ ಬ್ಯಾಂಕುಗಳ ಬೀದಿಯಾಯಿತು, ಬೇಳೆ ಕೊಳ್ಳುವ ಮನೆಯವರು ದೂರವಾದರು, ಮಧ್ಯಾಹ್ನ ಹಸಿದು ಬರುವ ಗುಮಾಸ್ತರು ಹೆಚ್ಚಾದರು. 1973ರಲ್ಲಿ ಕಟ್ಟಡಕ್ಕೆ ರಾಷ್ಟ್ರೀಯ ಸ್ಮಾರಕದ ಪಟ್ಟವೂ ಸಿಕ್ಕಿತು. ಅದೇ ಕಾಲಕ್ಕೆ ಊರಿಡೀ ಇನ್ನೊಂದು ಕೆಲಸ ನಡೆದಿತ್ತು. 1968-69ರಲ್ಲಿ ಬೀದಿ ವ್ಯಾಪಾರಿಗಳನ್ನೆಲ್ಲ ಲೆಕ್ಕ ಹಿಡಿದು ನೋಂದಾಯಿಸಿದರು, ಸುಮಾರು 18,000 ಜನ. ನೀರಿಲ್ಲ, ಚರಂಡಿ ಇಲ್ಲ, ಎಂಜಲೆಲ್ಲ ನದಿಗೆ. ಕಾಲರಾ, ಟೈಫಾಯಿಡ್ ಭಯ ಬೇರೆ. 1971ರಿಂದ ನಲ್ಲಿ, ಚರಂಡಿ, ಚಾವಣಿ ಇರುವ ಹಾಕರ್ ಸೆಂಟರ್‌ಗಳನ್ನು ಕಟ್ಟುತ್ತ ಹೋಗಿ 1986ರ ಹೊತ್ತಿಗೆ ಬೀದಿಯವರನ್ನು ಹೆಚ್ಚುಕಡಿಮೆ ಪೂರ್ತಿ ಒಳಗೆ ತಂದರು.

ಇದನ್ನು ಓದುವಾಗ ನನಗೆ ನಮ್ಮ ದೊಡ್ಡಪ್ಪ ನೆನಪಾಗುತ್ತಿದ್ದರು. ಬಸ್ ಸ್ಟ್ಯಾಂಡ್ ಎದುರು ಅವರದ್ದು ಮಿರ್ಚಿ-ಮಂಡಕ್ಕಿ ಗಾಡಿ. ನಾನು ಪಿಯುಸಿಯಲ್ಲಿದ್ದಾಗ ರಸ್ತೆ ಅಗಲ ಮಾಡುತ್ತೇವೆಂದು ಗಾಡಿಗಳನ್ನೆಲ್ಲ ಎಬ್ಬಿಸಿ, ಹೊಸ ಕಾಂಪ್ಲೆಕ್ಸಿನಲ್ಲಿ ಮಳಿಗೆ ಕೊಟ್ಟರು. ಎರಡನೇ ಮಹಡಿಯಲ್ಲಿ! ಬಸ್ಸಿಗೆ ಐದು ನಿಮಿಷ ಇರುವವನು ಮಿರ್ಚಿ ತಿನ್ನಲು ಮೆಟ್ಟಿಲು ಹತ್ತುತ್ತಾನೆಯೇ? ಒಂದೂವರೆ ವರ್ಷ ನೋಡಿದರು, ಬೀಗ ಹಾಕಿದರು. ಬಾಣಲೆ ಈಗಲೂ ಅಟ್ಟದ ಮೇಲಿದೆ.

ಹಾಗಾಗಿ ಬೀದಿ ವ್ಯಾಪಾರವನ್ನು ಒಳಗೆ ತಂದರೆ ಅದು ಸಾಯುತ್ತದೆ ಎಂದೇ ನಾನು ನಂಬಿದ್ದೆ. ಇಲ್ಲಿ ನೋಡಿದ ಮೇಲೆ ಅಷ್ಟು ಖಡಾಖಂಡಿತವಾಗಿ ಹೇಳಲಾರೆ. ಇಲ್ಲಿ ಮನೆಗಳ ಮಧ್ಯೆ, ಕಚೇರಿಗಳ ಬುಡದಲ್ಲಿ ಕಟ್ಟಿದರು, ಬೀದಿಯಿಂದ ಬಂದ ಮೊದಲ ತಲೆಮಾರಿನವರಿಗೆ ಬಾಡಿಗೆ ಕಡಿಮೆ ಇಟ್ಟರು. ಎಲ್ಲವೂ ಚೆಂದ ಅಂತಲೂ ಅಲ್ಲ. ಬೀದಿ ತೊರೆಯಲು ಮನಸ್ಸಿಲ್ಲದವರನ್ನು ಯಾರೂ ಕೇಳುತ್ತ ಕೂರಲಿಲ್ಲ. 2020ರಲ್ಲಿ ಸಿಂಗಾಪುರದ ಹಾಕರ್ ಸಂಸ್ಕೃತಿ ಯುನೆಸ್ಕೋ ಪಟ್ಟಿ ಸೇರಿತು, ಆದರೆ ಒಲೆ ಮುಂದೆ ನಿಂತವರ ವಯಸ್ಸು ನೋಡಿದರೆ ಅರವತ್ತರ ಆಸುಪಾಸಿನವರೇ ಹೆಚ್ಚು. ಲಾವ್ ಪಾ ಸಾಟ್ ಅಂತೂ ಖಾಸಗಿಯವರು ನಡೆಸುವ ಜಾಗ, ಪಟ್ಟಣದ ನಡುಮಧ್ಯೆ ಬೇರೆ, ಬೆಲೆಯೂ ಹಾಗೇ ಇದೆ. ನನ್ನ ಮನೆ ಹತ್ತಿರದ ಸೆಂಟರಿನಲ್ಲಿ ಸಿಗುವ 'ತೋಸೈ' (ನಮ್ಮ ದೋಸೆಯೇ, ತಮಿಳರ ಕೈಯಿಂದ ಹಾದು ಬಂದಿದೆ) ಇದಕ್ಕಿಂತ ಅಗ್ಗ.

ಆದರೂ ನಾನು ಅಲ್ಲಿಗೆ ಹೋಗುವುದು ಸಂಜೆಯ ಸಲುವಾಗಿ. ಕತ್ತಲಾಗುವ ಹೊತ್ತಿಗೆ ಪಕ್ಕದ ಬೂನ್ ಟಾಟ್ ಬೀದಿಯಲ್ಲಿ ವಾಹನ ನಿಲ್ಲಿಸಿ, ಟಾರಿನ ಮೇಲೇ ಮೇಜು ಕುರ್ಚಿ ಹಾಕುತ್ತಾರೆ. ಸಾಲಾಗಿ ಸಾತೇ ಗಾಡಿಗಳು, ಬೀಸಣಿಗೆಯಿಂದ ಕೆಂಡ ಊದಿ ಕಡ್ಡಿಗೆ ಚುಚ್ಚಿದ ಮಾಂಸ ಸುಡುತ್ತಾರೆ, ಜೊತೆಗೆ ನಮ್ಮ ಶೇಂಗಾ ಚಟ್ನಿಯ ದೂರದ ಸಂಬಂಧಿಯಂಥದ್ದೊಂದು ಗೊಜ್ಜು. ಅಷ್ಟು ವರ್ಷ ಕಷ್ಟಪಟ್ಟು ಒಳಗೆ ಕೂರಿಸಿದ ಬೀದಿ ತಿಂಡಿ, ಪರವಾನಗಿ ಹಿಡಿದುಕೊಂಡು ದಿನಾ ಸಂಜೆ ಬೀದಿಗೆ ಬಂದು ಕೂರುತ್ತದೆ.

ಕಳೆದ ತಿಂಗಳು ಆ ಹೊಗೆಯ ಮಧ್ಯೆ ನಿಂತು ದೊಡ್ಡಪ್ಪನಿಗೆ ವಿಡಿಯೋ ಕಾಲ್ ಮಾಡಿ ಕಂಬ, ಗಡಿಯಾರ, ಗಾಡಿ ಎಲ್ಲ ತೋರಿಸಿದೆ. ಇತಿಹಾಸವನ್ನೂ ಕೊರೆದೆ. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ:

"ಎಲ್ಲಾ ಅಂಗಡೀನೂ ಕೆಳಗೇ ಅದಾವೇನೋ? ಮೆಟ್ಲು ಇಲ್ಲಲ್ಲ?"

ಇಲ್ಲ ದೊಡ್ಡಪ್ಪ, ಒಂದೂ ಇಲ್ಲ ಅಂದೆ.