ಕೌಮಾರಭೃತ್ಯದಲ್ಲಿ ಭಿಷಕ್ಪರೀಕ್ಷೆ

ಆಯುರ್ವೇದದ ಅಷ್ಟಾಂಗಗಳಲ್ಲಿ ಕೌಮಾರಭೃತ್ಯವೆಂಬುದೊಂದು. ಶಿಶುಗಳ ಪೋಷಣೆ, ಧಾತ್ರಿಯ ಹಾಲಿನ ದೋಷಗಳ ನಿವಾರಣೆ, ಬಾಲಗ್ರಹಾದಿಗಳಿಂದ ಬರುವ ವ್ಯಾಧಿಗಳ ಚಿಕಿತ್ಸೆ ಇವೇ ಅದರ ವಿಷಯವೆಂಬುದು ಸುಶ್ರುತಸಂಹಿತೆಯ ಪ್ರಥಮಾಧ್ಯಾಯದಿಂದಲೇ ತಿಳಿದುಬರುವುದು. ಈ ಅಂಗಕ್ಕೆ ಸಂವಾದಿಯಾದ ಇಂದಿನ ವೈದ್ಯಶಾಖೆಯಲ್ಲಿ ಎಂ.ಡಿ. ಪದವಿಯನ್ನು ಬಯಸುವವರು ಮೂರು ವರ್ಷಗಳ ಕಾಲ ಅಭ್ಯಾಸಮಾಡಿ, ನಾಲ್ಕು ಲಿಖಿತ ಪತ್ರಿಕೆಗಳಿಗೆ ಉತ್ತರವನ್ನು ಬರೆದು, ಅಷ್ಟರಿಂದಲೇ ಬಿಡುಗಡೆಯಿಲ್ಲದೆ, ರೋಗಿಯಾದ ಮಗುವಿನ ಹಾಸಿಗೆಯ ಬಳಿಯಲ್ಲಿ ಪರೀಕ್ಷಕರ ಎದುರಿಗೆ ನಿಂತು ತಮ್ಮ ವಿದ್ಯೆಯನ್ನು ತೋರಿಸಬೇಕು. ಲಿಖಿತ ಪರೀಕ್ಷೆಯಲ್ಲಿ ತಡವರಿಸದವರೂ ಇಲ್ಲಿ ತಡವರಿಸುವುದುಂಟು. ಗ್ರಂಥವನ್ನು ಬಲ್ಲವನಿಗೂ ಮಗುವನ್ನು ಬಲ್ಲವನಿಗೂ ಇರುವ ಈ ಅಂತರವನ್ನು ನಮ್ಮ ಪೂರ್ವಿಕರು ಅರಿತಿದ್ದರೇ, ಅರಿತಿದ್ದರೆ ಅದನ್ನು ಅಳೆಯಲು ಯಾವ ಉಪಾಯವನ್ನು ಕಂಡುಕೊಂಡಿದ್ದರು, ಆ ಉಪಾಯಕ್ಕೂ ರಾಯಚೂರು ಸೀಮೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ತಾಯಂದಿರು ಆಡುವ ಮಾತಿಗೂ ಏನು ಸಂಬಂಧ ಎಂಬುದು ವಿಚಾರಾರ್ಹವಾಗಿದೆ.

ಮಸ್ಕಿಯ ಹೆಸರನ್ನೆತ್ತಿದೊಡನೆ ಅಶೋಕನ ನೆನಪು ಬರುವುದು ಸಹಜ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಅಲ್ಲಿಯ ಬಂಡೆಯ ಮೇಲಿನ ಶಾಸನವನ್ನು ಕಂಡುಹಿಡಿದನು, ಹೆಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷದಲ್ಲಿ ಹೈದರಾಬಾದಿನ ಪ್ರಾಚ್ಯವಸ್ತು ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಅದನ್ನು ಪ್ರಕಟಿಸಿದರು. ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ಆ ಶಾಸನದಲ್ಲಿ ದೊರೆತುದರಿಂದ ಬಹುಕಾಲದ ಸಂದೇಹವೊಂದು ಪರಿಹಾರವಾಯಿತು. ಆದರೆ ಅಶೋಕನು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡುಮಾಡಿದ ಸಂಗತಿಯನ್ನು ಮಸ್ಕಿಯ ಶಾಸನಕ್ಕೆ ಅಂಟಿಸಿ ಹೇಳುವುದು ಸರಿಯಲ್ಲ. ಆ ವಿಷಯವು ಬರುವುದು ಹದಿನಾಲ್ಕು ಶಿಲಾಶಾಸನಗಳ ಪೈಕಿ ಎರಡನೆಯದರಲ್ಲಿ. ಈ ಸೀಮೆಗೆ ಸಮೀಪದಲ್ಲಿ ಅದರ ಪಾಠವಿರುವುದು ಈಗ ಆಂಧ್ರಕ್ಕೆ ಸೇರಿರುವ ಎರ್ರಗುಡಿಯಲ್ಲಿ. ಮಸ್ಕಿಯ ಶಾಸನದಲ್ಲಿ ಕಾಣುವ 'ಖುದಕ' ಶಬ್ದವನ್ನು ಹುಡುಗನೆಂದು ಅರ್ಥಮಾಡುವುದೂ ಸಲ್ಲದು. ಅಲ್ಲಿ ಅದು ಅಂತಸ್ತಿನಲ್ಲಿ ಕಿರಿಯನನ್ನು ಹೇಳುವುದೇ ಹೊರತು ವಯಸ್ಸಿನಲ್ಲಿ ಕಿರಿಯನನ್ನಲ್ಲ. ಊರಿನ ಅಭಿಮಾನದಿಂದ ಶಾಸನಕ್ಕೆ ಇಲ್ಲದ ಅರ್ಥವನ್ನು ಹೊರಿಸಿದರೆ ಊರಿಗೂ ಲಾಭವಿಲ್ಲ, ಶಾಸ್ತ್ರಕ್ಕೂ ಲಾಭವಿಲ್ಲ.

ವೈದ್ಯವಿದ್ಯಾರ್ಥಿಯ ಪರೀಕ್ಷೆಯ ವಿಷಯದಲ್ಲಿ ಎರಡು ಕಥೆಗಳು ಪ್ರಸಿದ್ಧವಾಗಿವೆ. ಎರಡರ ನಾಯಕನೂ ಜೀವಕನೆಂಬವನೇ. ಪಾಲಿ ವಿನಯಪಿಟಕದ ಮಹಾವಗ್ಗದಲ್ಲಿ ಬರುವ ಜೀವಕನು ತಕ್ಷಶಿಲೆಯಲ್ಲಿ ಏಳು ವರ್ಷ ಓದಿ, ವಿದ್ಯೆಗೆ ಕೊನೆ ಯಾವಾಗ ಎಂದು ಗುರುವನ್ನು ಕೇಳಿದನು. ಗುರುವು ಗುದ್ದಲಿಯೊಂದನ್ನು ಹಿಡಿದು ಊರಿನ ಸುತ್ತ ಒಂದು ಯೋಜನದವರೆಗೆ ತಿರುಗಿ, ಔಷಧವಲ್ಲದ ಗಿಡವೊಂದನ್ನು ತರುವಂತೆ ಅಪ್ಪಣೆಮಾಡಿದನು. ಶಿಷ್ಯನು ಬರಿಗೈಯಲ್ಲಿ ಹಿಂತಿರುಗಿದುದೇ ಅವನ ಉತ್ತೀರ್ಣತೆಗೆ ಸಾಕ್ಷಿಯಾಯಿತು. ಈತನಿಗೆ 'ಕೋಮಾರಭಚ್ಚ'ನೆಂಬ ವಿಶೇಷಣವಿದೆ. ರಾಜಕುಮಾರನಾದ ಅಭಯನಿಂದ ಸಾಕಲ್ಪಟ್ಟವನೆಂದು ಅದಕ್ಕೆ ಬೌದ್ಧಸಂಪ್ರದಾಯದ ಅರ್ಥ. ಕೌಮಾರಭೃತ್ಯದಲ್ಲಿ ನಿಷ್ಣಾತನೆಂದು ಕೆಲವು ಆಧುನಿಕರ ಅರ್ಥ. ಮಹಾವಗ್ಗದಲ್ಲಿ ಈತನು ವಾಸಿಮಾಡಿದವರ ಪಟ್ಟಿಯಲ್ಲಿ ಸಾಕೇತದ ಶ್ರೇಷ್ಠಿಯ ಪತ್ನಿ, ಬಿಂಬಿಸಾರ ಮೊದಲಾದ ವಯಸ್ಕರೇ ಇರುವುದರಿಂದ ಮೊದಲನೆಯ ಅರ್ಥವೇ ಬಲವಾದುದೆಂದು ತೋರುತ್ತದೆ.

ಎರಡನೆಯ ಜೀವಕನು ಕಾಶ್ಯಪಸಂಹಿತೆಗೆ ಸೇರಿದವನು. ಈ ಗ್ರಂಥದ ತಾಳೆಗರಿಯ ಪ್ರತಿಯು ನೇಪಾಳದ ರಾಜಗುರು ಹೇಮರಾಜಶರ್ಮರಿಗೆ ದೊರೆತು, ಯಾದವಜೀ ತ್ರಿಕಮಜೀ ಆಚಾರ್ಯರ ಪರಿಶ್ರಮದಿಂದ 1938ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಲ್ಲಿ ಅಚ್ಚಾಯಿತು. ಪ್ರತಿಯು ತುಂಬ ಖಂಡಿತವಾದುದು. ಆದಿಯಲ್ಲಿಯೂ ನಡುವೆಯೂ ಗರಿಗಳು ಲುಪ್ತವಾಗಿವೆ. ಉಳಿದ ಭಾಗದಿಂದ ತಿಳಿಯುವ ಕಥೆಯಿದು: ಋಚೀಕನ ಮಗನಾದ ಜೀವಕನು ಐದು ವರ್ಷದ ಬಾಲಕನಾಗಿದ್ದಾಗಲೇ ಕಶ್ಯಪನ ತಂತ್ರವನ್ನು ಗ್ರಹಿಸಿ ಸಂಕ್ಷೇಪಿಸಿದನು. ಹುಡುಗನ ಮಾತೆಂದು ಮುನಿಗಳು ಅದನ್ನು ಮನ್ನಿಸಲಿಲ್ಲ. ಆಗ ಆತನು ಅವರೆಲ್ಲರೂ ನೋಡುತ್ತಿದ್ದಂತೆಯೇ ಕನಖಲದಲ್ಲಿ ಗಂಗೆಯ ಮಡುವಿನೊಳಗೆ ಮುಳುಗಿ, ಕ್ಷಣಮಾತ್ರದಲ್ಲಿ ನೆರೆತ ಕೂದಲಿನ, ಸುಕ್ಕುಬಿದ್ದ ಮೈಯ ವೃದ್ಧನಾಗಿ ಮೇಲೆದ್ದನು. ವೃದ್ಧಜೀವಕನೆಂಬ ಹೆಸರು ಹೀಗೆ ಬಂದಿತು. ಗ್ರಂಥಕ್ಕೂ ವೃದ್ಧಜೀವಕೀಯ ತಂತ್ರವೆಂದು ಹೆಸರಾಯಿತು. ಮಕ್ಕಳ ವೈದ್ಯಕ್ಕೆ ಪರೀಕ್ಷಿತನಾಗಿ ನಿಂತ ಮೊದಲನೆಯವನೇ ಮಗುವಾಗಿದ್ದನೆಂಬುದನ್ನೂ, ಪರೀಕ್ಷಕರು ನೋಡಿದುದು ಆತನ ವಿದ್ಯೆಯನ್ನಲ್ಲ, ಗಡ್ಡವನ್ನೆಂಬುದನ್ನೂ ಕಥೆಗಾರನು ನಗುತ್ತಲೇ ಬರೆದಿರಬೇಕು. ಇದೇ ಸಂಹಿತೆಯು ಅಷ್ಟಾಂಗಗಳಲ್ಲಿ ಕೌಮಾರಭೃತ್ಯಕ್ಕೆ ಅಗ್ರಸ್ಥಾನವನ್ನು ಕೊಡುತ್ತದೆ. ಬೆಳೆದವರೆಲ್ಲರೂ ಮೊದಲು ಶಿಶುಗಳಾಗಿದ್ದವರಷ್ಟೆ.

ಕಥೆಗಳನ್ನು ಬಿಟ್ಟು ವಿಧಿಗೆ ಬಂದರೆ ಸುಶ್ರುತನ ಮಾತು ಸ್ಪಷ್ಟವಾಗಿದೆ. ಶಾಸ್ತ್ರವನ್ನು ಮಾತ್ರ ಓದಿ ಕರ್ಮದಲ್ಲಿ ಪಳಗದವನು ರೋಗಿಯ ಎದುರಿಗೆ ಬಂದಾಗ ಯುದ್ಧಕ್ಕೆ ಬಂದ ಹೇಡಿಯಂತೆ ಕಂಗೆಡುವನೆಂದೂ, ಕರ್ಮವನ್ನು ಮಾತ್ರ ಬಲ್ಲವನು ರಾಜದಂಡನೆಗೆ ಅರ್ಹನೆಂದೂ, ಇಬ್ಬರೂ ಒಂದೇ ರೆಕ್ಕೆಯ ಹಕ್ಕಿಗಳೆಂದೂ ಸೂತ್ರಸ್ಥಾನದಲ್ಲಿ ಹೇಳಿರುವನು. ಕುಂಬಳ, ಸೋರೆ ಮೊದಲಾದ ಕಾಯಿಗಳ ಮೇಲೆ ಛೇದನಾದಿಗಳನ್ನು ಅಭ್ಯಾಸಮಾಡಿಸಬೇಕೆಂಬ ಯೋಗ್ಯಾಸೂತ್ರೀಯಾಧ್ಯಾಯವನ್ನು ವಾಚಕರು ಬಲ್ಲರು. ಅದರ ಮುಂದಿನ ಅಧ್ಯಾಯದಲ್ಲಿ ರಾಜನ ಅನುಜ್ಞೆಯನ್ನು ಪಡೆದ ಬಳಿಕವೇ ವೈದ್ಯನು ವೃತ್ತಿಗೆ ಇಳಿಯತಕ್ಕದ್ದೆಂಬ ನಿಯಮವಿದೆ. ಅಲ್ಲಿಯೇ ರೋಗಜ್ಞಾನಕ್ಕೆ ಆರು ಸಾಧನಗಳನ್ನು ಹೇಳಿದೆ: ಪಂಚೇಂದ್ರಿಯಗಳು ಮತ್ತು ಪ್ರಶ್ನೆ. ಕೌಮಾರಭೃತ್ಯದ ಕಷ್ಟವೆಲ್ಲವೂ ಈ ಆರನೆಯದರಲ್ಲಿದೆ. ಪ್ರಶ್ನೆಯನ್ನು ಕೇಳಿದರೆ ಉತ್ತರಿಸುವವಳು ತಾಯಿ. ನೋವು ಇರುವುದು ಕೂಸಿಗೆ.

ಈ ಕಷ್ಟವನ್ನು ನೇರವಾಗಿ ಎದುರಿಸಿದ ಪ್ರಕರಣವೆಂದರೆ ಕಾಶ್ಯಪಸಂಹಿತೆಯ ಸೂತ್ರಸ್ಥಾನದ ವೇದನಾಧ್ಯಾಯ. ಮಾತು ಬಾರದ ಶಿಶುವಿನ ವೇದನೆಯನ್ನು ಅದರ ಚೇಷ್ಟೆಗಳಿಂದಲೇ ಗುರುತಿಸುವ ಕ್ರಮವನ್ನು ಇಲ್ಲಿ ಒಂದೊಂದು ಅವಯವಕ್ಕೂ ಬೇರೆಬೇರೆಯಾಗಿ ಹೇಳಿದೆ. ತಲೆನೋವಿರುವ ಶಿಶುವು ತಲೆಯನ್ನು ಬಲವಾಗಿ ಅಲುಗಿಸುವುದು, ಕಣ್ಣುಗಳನ್ನು ಮುಚ್ಚುವುದು, ನರಳುವುದು, ನಿದ್ರಿಸದು. ಕಿವಿನೋವಾದರೆ ಎರಡು ಕೈಗಳಿಂದಲೂ ಕಿವಿಗಳನ್ನು ಮುಟ್ಟಿಕೊಳ್ಳುವುದು. ಬಾಯಿಯ ರೋಗದಲ್ಲಿ ಜೊಲ್ಲು ಹೆಚ್ಚಾಗಿ ಸುರಿದು ಮೊಲೆಯನ್ನು ದ್ವೇಷಿಸುವುದು. ಹೊಟ್ಟೆಶೂಲೆಯಲ್ಲಿ ಮೊಲೆಯನ್ನು ಬಿಟ್ಟು ಅಳುತ್ತ ಅಂಗಾತನಾಗುವುದು. ಹೊಟ್ಟೆ ಬಿಗಿದು ಮುಖವು ಬೆವರುವುದು. ಮೂತ್ರಕೃಚ್ಛ್ರದಲ್ಲಿ ರೋಮಾಂಚಗೊಂಡು, ತುಟಿಯನ್ನು ಕಚ್ಚಿ, ಕೆಳಹೊಟ್ಟೆಯನ್ನು ಕೈಯಿಂದ ಮುಟ್ಟುವುದು. ಸುಶ್ರುತನೂ ಶಾರೀರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ, ಶಿಶುವು ಪದೇಪದೇ ಮುಟ್ಟಿಕೊಳ್ಳುವ, ಇತರರು ಮುಟ್ಟಿದರೆ ಅಳುವ ಸ್ಥಳದಲ್ಲಿಯೇ ನೋವಿರುವುದೆಂದು ಸಂಗ್ರಹಿಸಿರುವನು. ಇವೆಲ್ಲ ತೊಟ್ಟಿಲ ಬಳಿಯಲ್ಲಿ ಬಹುಕಾಲ ಕುಳಿತವರಿಗಲ್ಲದೆ ಹೊಳೆಯುವ ಸಂಗತಿಗಳಲ್ಲ. ಪಾಂಡಿತ್ಯದ ಹೊರೆಯಿಲ್ಲದ ಈ ಭಾಗವು ಸಂಹಿತೆಯಲ್ಲೆಲ್ಲ ಶ್ರೇಷ್ಠವಾದುದೆಂದರೆ ತಪ್ಪಾಗಲಾರದು.

ಕನ್ನಡದಲ್ಲಿ ಈ ವಿದ್ಯೆಯು ಇಳಿದುಬಂದ ಬಗೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದನು; ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆಯೂ ಕವಿಚರಿತೆಯಲ್ಲಿ ಉಕ್ತವಾಗಿದೆ. ಸುಶ್ರುತನ ಒಂಬತ್ತು ಗ್ರಹಗಳು ವಾಗ್ಭಟನಲ್ಲಿ ಹನ್ನೆರಡಾದುವು. ಗ್ರಹವೆಂಬ ಹೆಸರಿನ ಹಿಂದೆ ಜ್ವರ, ಅತಿಸಾರ, ಸೆಳವು ಮೊದಲಾದ ಲಕ್ಷಣಸಮೂಹಗಳಿವೆಯೆಂಬುದನ್ನು ಮರೆತು ಮಂತ್ರಭಾಗವನ್ನು ಮಾತ್ರ ಉಳಿಸಿಕೊಂಡುದು ನಂತರದವರ ದೌರ್ಬಲ್ಯ.

ರಾಯಚೂರಿನ ದೋಆಬು 1853ರಿಂದ 1860ರವರೆಗೆ ಬ್ರಿಟಿಷರ ಕೈಯಲ್ಲಿದ್ದು ಮರಳಿ ನಿಜಾಮನಿಗೆ ಸೇರಿತು. ಲಿಂಗಸುಗೂರು ಸೈನ್ಯದ ದಂಡಾಗಿಯೂ, ಜಿಲ್ಲೆಯ ಮುಖ್ಯಸ್ಥಾನವಾಗಿಯೂ ಇದ್ದು, 1905ರಲ್ಲಿ ಆ ಜಿಲ್ಲೆಯನ್ನು ಒಡೆದಾಗ ರಾಯಚೂರಿಗೆ ಸೇರಿತು. ಈ ಸಂಸ್ಥಾನದ ವೈದ್ಯಶಾಲೆಯು 1846ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದಾಗ ಪಾಠವೂ ಪರೀಕ್ಷೆಯೂ ಉರ್ದುವಿನಲ್ಲಿ ನಡೆದುವು. ಮುಂದೆ ಇಂಗ್ಲಿಷು ಬಂದಿತು. ದೇಶಭಾಷೆಯಲ್ಲಿ ವೈದ್ಯವನ್ನು ಕಲಿಸಲಾಗದೆನ್ನುವವರು ಗಮನಿಸಬೇಕಾದ ಸಂಗತಿಯಿದು. ಆದರೆ ಲಿಂಗಸುಗೂರಿನ ತಾಯಿಗೆ ಆ ಎರಡು ಭಾಷೆಗಳೂ ಪರಕೀಯವೇ ಆಗಿದ್ದುವು. ಮಕ್ಕಳಿಗೆಂದೇ ಪ್ರತ್ಯೇಕ ಆಸ್ಪತ್ರೆಗಳು ಪ್ಯಾರಿಸ್ಸಿನಲ್ಲಿ 1802ರಲ್ಲಿ, ಲಂಡನ್ನಿನಲ್ಲಿ 1852ರಲ್ಲಿ, ಮುಂಬಯಿಯಲ್ಲಿ 1929ರಲ್ಲಿ ಆರಂಭವಾದುವು. ಸ್ತ್ರೀಯರಿಗೂ ಮಕ್ಕಳಿಗೂ ಬೆಂಗಳೂರಿನ ವಾಣೀವಿಲಾಸ ಆಸ್ಪತ್ರೆಯು 1935ರಲ್ಲಿ ತೆರೆಯಿತು. ರಾಜೀವಗಾಂಧಿ ಆರೋಗ್ಯವಿಜ್ಞಾನಗಳ ವಿಶ್ವವಿದ್ಯಾಲಯವು 1996ರಲ್ಲಿಯೂ, ರಾಯಚೂರಿನ ಸರಕಾರೀ ವೈದ್ಯವಿಜ್ಞಾನ ಸಂಸ್ಥೆಯು 2007ರಲ್ಲಿಯೂ ಬಂದುವು.

ಇಂದಿನ ಪರೀಕ್ಷೆಯಲ್ಲಿ ಅಭ್ಯರ್ಥಿಗೆ ದೀರ್ಘವಾಗಿ ವಿವರಿಸಬೇಕಾದ ರೋಗಿಯೊಂದನ್ನೂ, ಸಂಕ್ಷೇಪವಾಗಿ ನೋಡಬೇಕಾದ ಬೇರೆ ರೋಗಿಗಳನ್ನೂ ಒಪ್ಪಿಸುತ್ತಾರೆ. ಲಾಂಗ್ ಕೇಸ್, ಶಾರ್ಟ್ ಕೇಸ್ ಎಂದು ಇವುಗಳ ವಾಡಿಕೆಯ ಹೆಸರು. ನಿಯಮಿತ ಕಾಲದೊಳಗೆ ತಾಯಿಯಿಂದ ಗರ್ಭಕಾಲ, ಪ್ರಸವ, ಹುಟ್ಟಿದೊಡನೆ ಮಗು ಅತ್ತಿತೇ ಎಂಬುದು, ಚುಚ್ಚುಮದ್ದು, ಹಿಂದಿನ ದಿನದ ಆಹಾರ, ಕತ್ತು ನಿಂತ ಮತ್ತು ಕುಳಿತ ತಿಂಗಳು ಇವೆಲ್ಲವನ್ನೂ ಕೇಳಿ, ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ತೆಗೆದು, ನಿರ್ಣಯವನ್ನು ಹೇಳಬೇಕು. ಇದಕ್ಕೆ ಸಿದ್ಧತೆಯೆಂದರೆ ತಿಂಗಳುಗಟ್ಟಲೆ ವಾರ್ಡಿನಲ್ಲಿ ಗುರುಗಳ ಮುಂದೆ ರೋಗಿಗಳನ್ನು ಒಪ್ಪಿಸುವುದು; ಇದು ಸುಶ್ರುತನ ಯೋಗ್ಯೆಯೂ ಹೌದು, ಚರಕನ ತದ್ವಿದ್ಯಸಂಭಾಷೆಯೂ ಹೌದು. ಮಗುವನ್ನು ಮುಟ್ಟುವ ಮುನ್ನ ತಾಯಿಯ ಮಡಿಲಿನಲ್ಲಿರುವಂತೆಯೇ ನೋಡಬೇಕೆಂಬುದು ಮೊದಲ ಪಾಠ. ಅಳದಿರುವಾಗ ಒಂದು ನಿಮಿಷ ಪೂರ್ತಿಯಾಗಿ ಉಸಿರನ್ನು ಎಣಿಸಬೇಕು: ಎರಡು ತಿಂಗಳೊಳಗಿನ ಶಿಶುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40, ಇವುಗಳನ್ನು ಮುಟ್ಟಿದರೆ ಉಸಿರು ತೀವ್ರವಾಗಿದೆಯೆಂದು ಲೆಕ್ಕ.

ಪ್ರಾಚೀನ ಗ್ರಂಥವನ್ನೂ ಇಂದಿನ ಪಾಠವನ್ನೂ ಹೋಲಿಸುವಾಗ ಎಚ್ಚರಿಕೆ ಬೇಕೆಂಬುದಕ್ಕೆ ಫಕ್ಕರೋಗವು ಒಳ್ಳೆಯ ನಿದರ್ಶನ. ಒಂದು ವರ್ಷವಾದರೂ ನಡೆಯದ, ತೊಡೆ ತೋಳುಗಳು ಬಡವಾಗಿ ಹೊಟ್ಟೆಯೂ ತಲೆಯೂ ದೊಡ್ಡದಾಗಿ ಕಾಣುವ ಮಗುವನ್ನು ಕಾಶ್ಯಪಸಂಹಿತೆಯು ಫಕ್ಕವೆಂದು ಕರೆದು, ಹಾಲಿನ ದೋಷ, ಗರ್ಭ, ವ್ಯಾಧಿ ಎಂದು ಮೂರು ಕಾರಣಗಳನ್ನು ಹೇಳಿ, ನಡೆಯಲು ಕಲಿಸುವ ಮೂರು ಗಾಲಿಯ ರಥವನ್ನೂ ವಿಧಿಸಿದೆ. ಇದನ್ನು ಮೂಳೆಮೆತು ರೋಗವೆಂದೇ ನಿಶ್ಚಯಿಸಿದವರುಂಟು, ಅದು ಅವಸರ. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಅಳತೆಯಂತೆ ಆರೋಗ್ಯವಂತ ಮಕ್ಕಳು ತಾವಾಗಿ ನಡೆಯುವ ಕಾಲವು 8.2 ತಿಂಗಳಿಂದ 17.6 ತಿಂಗಳವರೆಗೆ ಹರಡಿದೆ. ಆದುದರಿಂದ ವರ್ಷದ ಗಡಿಯೊಂದೇ ರೋಗವಾಗದು. ಮೈಯ ಲಕ್ಷಣಗಳೆಲ್ಲ ಕೂಡಿದರೆ ಮಾತ್ರ ಫಕ್ಕದ ವರ್ಣನೆಯು ಆಹಾರದ ಕೊರತೆಗೆ ಹತ್ತಿರ ಬರುತ್ತದೆ. ಈ ಕೊರತೆಯು ರಾಯಚೂರು ಜಿಲ್ಲೆಗೆ ಹಳೆಯ ಪುಸ್ತಕದ ಮಾತಲ್ಲ. ಅಲ್ಲಿಯ ಮಕ್ಕಳ ಅಪೌಷ್ಟಿಕತೆಯ ಸುದ್ದಿಯು ಹಬ್ಬಿದ ಬಳಿಕ ವಿಷಯವು ರಾಜ್ಯದ ಉಚ್ಚನ್ಯಾಯಾಲಯದವರೆಗೆ ಹೋಗಿ, ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಅಧ್ಯಕ್ಷತೆಯ ಸಮಿತಿಯು 2012ರಲ್ಲಿ ವರದಿಯನ್ನು ಒಪ್ಪಿಸಿತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆಯು 11.5 ಸೆಂಟಿಮೀಟರಿಗಿಂತ ಕಡಮೆಯಾದರೆ ತೀವ್ರ ಅಪೌಷ್ಟಿಕತೆ ಎಂಬ ಸೂತ್ರವನ್ನು ಅಭ್ಯರ್ಥಿಗಳು ಬಾಯಿಪಾಠ ಮಾಡುತ್ತಾರೆ. ಪಟ್ಟಿಯನ್ನು ತೋಳಿಗೆ ಸುತ್ತುವಾಗ ಬಿಗಿಯಬಾರದೆಂಬುದನ್ನು ಕೈಯೇ ಕಲಿಯಬೇಕು.

ಇನ್ನು ಭಾಷೆಯ ವಿಚಾರ. ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಸಿಂಧನೂರು ಭತ್ತದ ನಾಡಾಯಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳೂ, ಪೂರ್ವಬಂಗಾಳದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳೂ ಅಲ್ಲಿ ನೆಲೆಗೊಂಡುವು. ಕನ್ನಡದ ಜೊತೆಗೆ ತೆಲುಗು, ಉರ್ದು, ಬಂಗಾಳಿ, ಲಂಬಾಣಿ ಭಾಷೆಗಳನ್ನಾಡುವ ತಾಯಂದಿರ ಮಕ್ಕಳನ್ನು ಅಲ್ಲಿಯ ವೈದ್ಯರು ನೋಡಬೇಕು. ಕನ್ನಡವೇ ಆದರೂ ತೊಡಕು ತಪ್ಪಿದ್ದಲ್ಲ. 'ಕೂಸು ಹಾಲು ಕುಡಿಯವಲ್ದು' ಎಂದು ಮಸ್ಕಿಯ ಕಡೆಯ ತಾಯಿ ಹೇಳುತ್ತಾಳೆ. ದಕ್ಷಿಣದ ಕನ್ನಡಿಗನು ವ್ಯಾಕರಣವನ್ನು ನೆಚ್ಚಿ, 'ಒಲ್ಲು' ಧಾತುವಿನಿಂದ ಬಂದ ರೂಪವಿದು, ಕೂಸಿಗೆ ಇಷ್ಟವಿಲ್ಲ ಎಂದು ಬರೆದುಕೊಳ್ಳಬಹುದು. ವ್ಯುತ್ಪತ್ತಿಯೇನೋ ಸರಿ, ಆದರೆ ಆ ಸೀಮೆಯಲ್ಲಿ ಮಳೆಯೂ 'ಬರವಲ್ದು', ಹಸಿಯ ಕಟ್ಟಿಗೆಯೂ 'ಹತ್ತವಲ್ದು'. ಇಚ್ಛೆಯಿಲ್ಲದ ವಸ್ತುಗಳಿಗೂ ಸಲ್ಲುವ ಈ ಪ್ರಯೋಗದಲ್ಲಿ ಒಲ್ಲದಿರುವುದೂ ಆಗದಿರುವುದೂ ಒಂದೇ ಪದದಲ್ಲಿ ಅಡಗಿವೆ. ವೈದ್ಯಶಾಸ್ತ್ರದಲ್ಲಿಯಾದರೋ ಇವೆರಡೂ ಬೇರೆ: ಕುಡಿಯಲೊಲ್ಲದ ಕೂಸಿಗೆ ಕಾಯಬಹುದು, ಕುಡಿಯಲಾರದ ಕೂಸಿನದು ಅಪಾಯದ ಚಿಹ್ನೆ, ಆ ಕ್ಷಣವೇ ಆಸ್ಪತ್ರೆಗೆ ಸೇರಿಸತಕ್ಕದ್ದು. ಅಭ್ಯರ್ಥಿಯು ತಾಯಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಪರೀಕ್ಷಕರಿಗೆ ಒಪ್ಪಿಸುವಾಗ ಈ ಎರಡರಲ್ಲೊಂದನ್ನು ಆರಿಸಲೇಬೇಕು. ಕೋಶವು ಅಲ್ಲಿ ನೆರವಾಗದು.

2020ರಲ್ಲಿ ಬಂದ ನಿಯಮದಂತೆ ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲೆಯ ಆಸ್ಪತ್ರೆಗಳಲ್ಲಿ ಕೆಲಸಮಾಡತಕ್ಕದ್ದಾಗಿದೆ. ಇಂಥ ಮಾತು ಅವರ ಕಿವಿಗೆ ಬೀಳುವುದು ಅಲ್ಲಿಯೇ. ಸಂದೇಹ ಬಂದಾಗ ಅನುಭವಿಗಳು ಮಾಡುವುದಿಷ್ಟು: ಪ್ರಶ್ನೆಯನ್ನು ನಿಲ್ಲಿಸಿ, ಕೂಸನ್ನು ಎದೆಗೆ ಹಚ್ಚುವಂತೆ ತಾಯಿಗೆ ಹೇಳಿ, ಅದು ಮುಖವನ್ನು ತಿರುಗಿಸುವುದೋ, ಬಾಯಿಗೆ ತೆಗೆದುಕೊಂಡೂ ಚೀಪಲಾರದೆ ಬಿಡುವುದೋ ಎಂದು ಪಕ್ಕದಲ್ಲಿ ಕುಳಿತು ನೋಡುತ್ತಾರೆ.