ಆ್ಯಪ್ ಆಧಾರಿತ ಶ್ವಾನ ವಿಹಾರ ಸೇವೆ: ಆನ್-ಡಿಮಾಂಡ್ ಬುಕಿಂಗ್ ಮತ್ತು ನೇರ ಬುಕಿಂಗ್

ಪೀಠಿಕೆ

ಸಾಕುನಾಯಿಗಳನ್ನು ಶುಲ್ಕ ಪಡೆದು ವಿಹಾರಕ್ಕೆ ಕರೆದೊಯ್ಯುವ ಕೆಲಸವು ಬೆಂಗಳೂರಿನಂತಹ ನಗರಗಳಲ್ಲಿ ಒಂದು ಜೀವನೋಪಾಯವಾಗಿದೆ. ನಾಯಿಗೆ ವ್ಯಾಯಾಮ ಕೊಡಿಸುವುದು ಮಾಲೀಕರ ಇಚ್ಛೆಗೆ ಮಾತ್ರ ಬಿಟ್ಟ ವಿಷಯವಲ್ಲ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ಸೂಕ್ತ ವ್ಯಾಯಾಮ ಕೊಡಿಸದಿರುವುದನ್ನು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೆಯ ಪ್ರಕರಣವು ಕ್ರೌರ್ಯವೆಂದು ಪರಿಗಣಿಸುತ್ತದೆ. ದುಡಿಮೆಯ ವೇಳೆಯ ಕಾರಣ ಸ್ವತಃ ಈ ಕರ್ತವ್ಯ ನಿರ್ವಹಿಸಲಾಗದ ಮಾಲೀಕರು ಇತರರ ನೆರವು ಪಡೆಯುತ್ತಾರೆ. ಈ ಕೆಲಸವನ್ನು ಆ್ಯಪ್ ಮೂಲಕ ಪಡೆಯುವ ಕಾರ್ಮಿಕರಿಗೆ ಬುಕಿಂಗ್‌ನ ವಿಧಗಳು, ಅವುಗಳಿಂದ ಆಗುವ ಲಾಭ-ನಷ್ಟಗಳು ಮತ್ತು ಕಾನೂನಿನ ರಕ್ಷಣೆಯ ಕುರಿತು ಈ ಪುಟದಲ್ಲಿ ಮಾಹಿತಿ ನೀಡಲಾಗಿದೆ.

ಬುಕಿಂಗ್‌ನ ವಿಧಗಳು

1. ಆನ್-ಡಿಮಾಂಡ್ ಬುಕಿಂಗ್: ಗ್ರಾಹಕರು ಬೇಡಿಕೆ ಸಲ್ಲಿಸಿದ ಕೂಡಲೇ ಸಮೀಪದ ಕಾರ್ಮಿಕರಿಗೆ ಆ್ಯಪ್ ಸೂಚನೆ ಕಳುಹಿಸುತ್ತದೆ. ಒಪ್ಪಿಕೊಂಡವರಿಗೆ ಅಥವಾ ಆ್ಯಪ್ ಆಯ್ಕೆ ಮಾಡಿದವರಿಗೆ ಕೆಲಸ ದೊರೆಯುತ್ತದೆ. ದರವನ್ನು ಸಾಮಾನ್ಯವಾಗಿ ಸಂಸ್ಥೆಯೇ ನಿಗದಿಪಡಿಸುತ್ತದೆ.

2. ಆ್ಯಪ್ ಒಳಗಿನ ನೇರ ಬುಕಿಂಗ್: ಗ್ರಾಹಕರು ತಮಗೆ ಪರಿಚಿತರಾದ ನಿರ್ದಿಷ್ಟ ಕಾರ್ಮಿಕರನ್ನೇ ಆರಿಸುತ್ತಾರೆ. ದಿನ ಮತ್ತು ವೇಳೆ ಮುಂಚಿತವಾಗಿ ನಿಶ್ಚಯವಾಗುತ್ತದೆ. ಹಣ ಪಾವತಿಯು ಆ್ಯಪ್ ಮೂಲಕವೇ ಆಗುತ್ತದೆ.

3. ಆ್ಯಪ್ ಹೊರಗಿನ ನೇರ ಒಪ್ಪಂದ: ಗ್ರಾಹಕರು ಮತ್ತು ಕಾರ್ಮಿಕರು ತಮ್ಮತಮ್ಮಲ್ಲೇ ಮಾತನಾಡಿಕೊಂಡು ಹಣವನ್ನು ನೇರವಾಗಿ ಪಾವತಿಸುವ ವ್ಯವಸ್ಥೆ.

ಎರಡನೆಯ ಮತ್ತು ಮೂರನೆಯ ವಿಧಗಳೆರಡನ್ನೂ ರೂಢಿಯಲ್ಲಿ "ನೇರ ಬುಕಿಂಗ್" ಎಂದೇ ಕರೆಯುವುದುಂಟು. ಆದರೆ ಕಾನೂನಿನ ದೃಷ್ಟಿಯಿಂದ ಇವೆರಡರ ನಡುವಿನ ವ್ಯತ್ಯಾಸವು ಮಹತ್ವದ್ದಾಗಿದೆ.

ಆದಾಯದ ಹೋಲಿಕೆ

ಪ್ರತಿ ವಿಹಾರದ ಶುಲ್ಕವನ್ನು ಮಾತ್ರ ನೋಡಿ ಆದಾಯವನ್ನು ಅಂದಾಜು ಮಾಡುವುದು ಸರಿಯಲ್ಲ. ಹೋಗಿ ಬರುವ ವೇಳೆ ಮತ್ತು ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಮಾತ್ರ.

30 ನಿಮಿಷದ ವಿಹಾರಕ್ಕೆ ಶುಲ್ಕ 200 ರೂ. ಮತ್ತು ಸಂಸ್ಥೆಯ ಕಮಿಷನ್ ಶೇ. 20 ಎಂದು ಭಾವಿಸಿದರೆ ಕಾರ್ಮಿಕರ ಕೈಗೆ 160 ರೂ. ದೊರೆಯುತ್ತದೆ.

ಆನ್-ಡಿಮಾಂಡ್: ಹೋಗಿ ಬರಲು 40 ನಿಮಿಷ, ಪೆಟ್ರೋಲ್ ವೆಚ್ಚ 20 ರೂ. ಒಟ್ಟು 70 ನಿಮಿಷಕ್ಕೆ ಉಳಿಯುವುದು 140 ರೂ.; ಅಂದರೆ ಗಂಟೆಗೆ 120 ರೂ.

ನೇರ ಬುಕಿಂಗ್: ಕಾಲ್ನಡಿಗೆಯ ದೂರದಲ್ಲಿರುವ ಕಾಯಂ ಗ್ರಾಹಕರ ಮನೆಗೆ ಹೋಗಿ ಬರಲು 10 ನಿಮಿಷ. ಒಟ್ಟು 40 ನಿಮಿಷಕ್ಕೆ 160 ರೂ.; ಅಂದರೆ ಗಂಟೆಗೆ 240 ರೂ.

ಶುಲ್ಕ ಮತ್ತು ಕಮಿಷನ್ ಒಂದೇ ಆಗಿದ್ದರೂ ಗಂಟೆಯ ಗಳಿಕೆ ಇಮ್ಮಡಿಯಾಗುವುದನ್ನು ಇಲ್ಲಿ ಗಮನಿಸಬಹುದು. ಆದಾಗ್ಯೂ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕಾಯಂ ಗ್ರಾಹಕರು ಇರುವುದಿಲ್ಲವಾದ ಕಾರಣ ಆನ್-ಡಿಮಾಂಡ್ ಬುಕಿಂಗ್ ಪರಿಚಯಕ್ಕೆ ದಾರಿಯಾಗುತ್ತದೆ. ಕಾಯಂ ಗ್ರಾಹಕರು ಊರಿಗೆ ಹೋದ ದಿನಗಳಲ್ಲಿ ಖಾಲಿ ಉಳಿಯುವ ವೇಳೆಯನ್ನು ತುಂಬಲೂ ಅದು ನೆರವಾಗುತ್ತದೆ.

ಸುರಕ್ಷತೆ

ಅಪರಿಚಿತ ನಾಯಿಯ ಸ್ವಭಾವ ತಿಳಿಯದಿರುವುದು ಆನ್-ಡಿಮಾಂಡ್ ಕೆಲಸದ ಮುಖ್ಯ ಅಪಾಯವಾಗಿದೆ. ನಾಯಿಯು ಯಾವುದಕ್ಕೆ ಬೆದರುತ್ತದೆ, ಬೀದಿನಾಯಿಗಳನ್ನು ಕಂಡಾಗ ಹೇಗೆ ವರ್ತಿಸುತ್ತದೆ, ಹಿಂದೆ ಯಾರನ್ನಾದರೂ ಕಚ್ಚಿದೆಯೇ ಎಂಬುದನ್ನು ಮನೆ ಬಿಡುವ ಮೊದಲೇ ಮಾಲೀಕರಿಂದ ಕೇಳಿ ತಿಳಿಯಬೇಕು. ರೇಬೀಸ್ ಲಸಿಕೆ ಹಾಕಿಸಿರುವ ದಾಖಲೆಯನ್ನು ನೋಡಬೇಕು. ಕತ್ತುಪಟ್ಟಿ ಸಡಿಲವಾಗಿದ್ದಲ್ಲಿ ನಾಯಿಯನ್ನು ಹೊರಗೆ ಕರೆದೊಯ್ಯಬಾರದು.

ರೇಬೀಸ್ ರೋಗಲಕ್ಷಣಗಳು ಕಾಣಿಸಿಕೊಂಡ ನಂತರ ಬಹುತೇಕ ಮಾರಣಾಂತಿಕವಾಗಿರುತ್ತದೆ. ಸಕಾಲದಲ್ಲಿ ಚಿಕಿತ್ಸೆ ಪಡೆದಲ್ಲಿ ತಡೆಗಟ್ಟಬಹುದಾಗಿದೆ. ಕಚ್ಚಿದ ಅಥವಾ ಪರಚಿದ ಗಾಯವನ್ನು ಕೂಡಲೇ ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ವಿಳಂಬವಿಲ್ಲದೆ ಆಸ್ಪತ್ರೆಗೆ ತೆರಳಬೇಕು. ಸುಣ್ಣ, ಅರಿಶಿನ, ಮೆಣಸಿನಪುಡಿ ಹಚ್ಚಬಾರದು. ನಿತ್ಯ ನಾಯಿಗಳೊಡನೆ ಕೆಲಸ ಮಾಡುವವರು ವೈದ್ಯರ ಸಲಹೆಯಂತೆ ಮುಂಜಾಗ್ರತಾ ಲಸಿಕೆ ಪಡೆಯುವುದು ಸೂಕ್ತ. ಮುಂಜಾಗ್ರತಾ ಲಸಿಕೆ ಪಡೆದವರೂ ಕಚ್ಚಿಸಿಕೊಂಡಾಗ ಮತ್ತೆ ಲಸಿಕೆ ಪಡೆಯಬೇಕಾಗುತ್ತದೆ.

ವಿಹಾರದ ವೇಳೆ ನಾಯಿಯು ಕಾರ್ಮಿಕರ ವಶದಲ್ಲಿರುತ್ತದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯವಾಗದಂತೆ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆ, 2023ರ 291ನೆಯ ಪ್ರಕರಣದಡಿ ಆರು ತಿಂಗಳವರೆಗಿನ ಕಾರಾವಾಸ ಅಥವಾ 5,000 ರೂ.ವರೆಗಿನ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಆದುದರಿಂದ ತಮ್ಮಿಂದ ಹಿಡಿದಿಡಲಾಗದ ನಾಯಿಯನ್ನು ರೇಟಿಂಗ್ ಕಡಿಮೆಯಾದೀತೆಂಬ ಭಯದಿಂದ ಒಪ್ಪಿಕೊಳ್ಳಬಾರದು.

ಕಾನೂನಿನ ರಕ್ಷಣೆ

ಕರ್ನಾಟಕ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ (ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ) ಅಧಿನಿಯಮ, 2025ರ ಅನುಸೂಚಿಯಲ್ಲಿ ಪ್ರಯಾಣ, ಆಹಾರ ವಿತರಣೆ, ಸರಕು ಸಾಗಣೆ ಮುಂತಾದವುಗಳೊಡನೆ ವೃತ್ತಿಪರ ಸೇವೆಗಳನ್ನೂ ಸೇರಿಸಲಾಗಿದೆ. ಅನುಸೂಚಿಗೆ ಒಳಪಡುವ ಸಂಸ್ಥೆಗಳ ಮೂಲಕ ಕೆಲಸ ಮಾಡುವವರಿಗೆ ದೊರೆಯುವ ಮುಖ್ಯ ರಕ್ಷಣೆಗಳು ಇಂತಿವೆ:

ಅ) ಸಂಸ್ಥೆಯು ಕಾರ್ಮಿಕರ ವಿವರವನ್ನು ಮಂಡಳಿಗೆ ಒದಗಿಸಿ ನೋಂದಾಯಿಸಬೇಕು, ನೋಂದಾಯಿತರಿಗೆ ವಿಶಿಷ್ಟ ಗುರುತಿನ ಸಂಖ್ಯೆ ನೀಡಲಾಗುತ್ತದೆ.
ಆ) ಒಪ್ಪಂದವು ಸರಳ ಭಾಷೆಯಲ್ಲಿರಬೇಕು.
ಇ) ಸಂದಾಯದಲ್ಲಿ ಮಾಡಿದ ಕಡಿತಗಳ ಕಾರಣವನ್ನು ಕಾರ್ಮಿಕರಿಗೆ ತಿಳಿಸಬೇಕು.
ಈ) ಕಾರ್ಮಿಕರನ್ನು ಕೆಲಸದಿಂದ ತೆಗೆಯುವಾಗ ಲಿಖಿತ ಕಾರಣ ಹಾಗೂ ಸಾಮಾನ್ಯವಾಗಿ 14 ದಿನಗಳ ಮುನ್ಸೂಚನೆ ನೀಡಬೇಕು.
ಉ) ಕಾರ್ಮಿಕರಿಗೆ ಸಂದಾಯವಾಗುವ ಮೊತ್ತದ ಶೇ. 1ರಿಂದ 5ರ ಮಿತಿಯಲ್ಲಿ ಕಲ್ಯಾಣ ಶುಲ್ಕವನ್ನು ಸಂಸ್ಥೆಯಿಂದ ವಸೂಲು ಮಾಡಿ ಕಲ್ಯಾಣ ನಿಧಿಗೆ ಜಮೆ ಮಾಡಲಾಗುತ್ತದೆ.

ಮೇಲ್ಕಂಡ ಉದಾಹರಣೆಯ 160 ರೂ. ಸಂದಾಯಕ್ಕೆ ಈ ಶುಲ್ಕವು 1.60 ರೂ.ನಿಂದ 8 ರೂ.ವರೆಗೆ ಆಗುತ್ತದೆ. ಆನ್-ಡಿಮಾಂಡ್ ಇರಲಿ, ಆ್ಯಪ್ ಒಳಗಿನ ನೇರ ಬುಕಿಂಗ್ ಇರಲಿ, ಲೆಕ್ಕ ಒಂದೇ. ಆ್ಯಪ್ ಹೊರಗಿನ ಒಪ್ಪಂದದಲ್ಲಿ ಕಮಿಷನ್‌ನ 40 ರೂ. ಉಳಿಯುವುದು ನಿಜ, ಆದರೆ ಅಂತಹ ಕೆಲಸಕ್ಕೆ ಕಲ್ಯಾಣ ಶುಲ್ಕ ಜಮೆಯಾಗುವುದಿಲ್ಲ, ಸಂಸ್ಥೆಯ ವಿಮೆ ಇದ್ದಲ್ಲಿ ಅದು ಅನ್ವಯಿಸದಿರಬಹುದು, ಕೆಲಸ ಮಾಡಿದ್ದಕ್ಕೆ ಆ್ಯಪ್‌ನ ದಾಖಲೆಯೂ ಇರುವುದಿಲ್ಲ. ಆ್ಯಪ್ ಮೂಲಕ ಪರಿಚಯವಾದ ಗ್ರಾಹಕರೊಡನೆ ಹೊರಗೆ ವ್ಯವಹರಿಸುವುದನ್ನು ಒಪ್ಪಂದವು ನಿಷೇಧಿಸಿದ್ದಲ್ಲಿ ಖಾತೆ ರದ್ದಾಗುವ ಸಂಭವವೂ ಇದೆ.

ಕೇಂದ್ರ ಸರ್ಕಾರದ ಸಾಮಾಜಿಕ ಭದ್ರತಾ ಸಂಹಿತೆ, 2020 ದಿನಾಂಕ 21-11-2025ರಿಂದ ಜಾರಿಗೆ ಬಂದಿದ್ದು, ಗಿಗ್ ಮತ್ತು ಪ್ಲಾಟ್‌ಫಾರ್ಮ್ ಕಾರ್ಮಿಕರನ್ನು ಗುರುತಿಸಿದೆ. ಸ್ವಂತವಾಗಿ ಕೆಲಸ ಮಾಡುವ ಅಸಂಘಟಿತ ಕಾರ್ಮಿಕರು 2021ರಲ್ಲಿ ಆರಂಭವಾದ ಇ-ಶ್ರಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬಹುದು.

ಇತರೆಡೆಯ ಅನುಭವ

ಅಮೆರಿಕದಲ್ಲಿ ಸಿಯಾಟಲ್‌ನ ರೋವರ್ (2011) ಮತ್ತು ಲಾಸ್ ಏಂಜಲೀಸ್‌ನಲ್ಲಿ ಆರಂಭವಾದ ವ್ಯಾಗ್ (2015) ಈ ಸೇವೆಯ ಪ್ರಮುಖ ಆ್ಯಪ್‌ಗಳಾಗಿ ಬೆಳೆದವು. ವ್ಯಾಗ್ ಆನ್-ಡಿಮಾಂಡ್ ಸೇವೆಯಿಂದ ಹೆಸರಾಯಿತು. ರೋವರ್‌ನಲ್ಲಿ ಗ್ರಾಹಕರೇ ಪಾಲಕರನ್ನು ಆರಿಸುವುದು ರೂಢಿ. 2020ರ ಜನವರಿ 1ರಿಂದ ಜಾರಿಗೆ ಬಂದ ಕ್ಯಾಲಿಫೋರ್ನಿಯಾದ ಎಬಿ-5 ಕಾಯಿದೆಯು ಶ್ವಾನ ವಿಹಾರವನ್ನು ಹೆಸರಿಸಿಯೇ, ಕೆಲಸ ಹುಡುಕಿಕೊಡುವ ಮಧ್ಯವರ್ತಿ ಸಂಸ್ಥೆಗಳಿಗೆ ಷರತ್ತುಬದ್ಧ ವಿನಾಯಿತಿ ನೀಡಿತು. ಕೆಲಸಗಾರರು ದರ ಮತ್ತು ವೇಳೆಯನ್ನು ತಾವೇ ನಿರ್ಧರಿಸುವುದು, ಗ್ರಾಹಕರನ್ನು ಒಪ್ಪುವ ಅಥವಾ ನಿರಾಕರಿಸುವ ಸ್ವಾತಂತ್ರ್ಯ ಹೊಂದಿರುವುದು ಆ ಷರತ್ತುಗಳಲ್ಲಿ ಸೇರಿವೆ. ದರ ಮತ್ತು ವೇಳೆಯ ಮೇಲಿನ ಹಿಡಿತ ಯಾರದೆಂಬುದೇ ಅಲ್ಲಿಯೂ ಮುಖ್ಯ ಪ್ರಶ್ನೆಯಾಯಿತು.

ಕಾರ್ಮಿಕರ ಗಮನಕ್ಕೆ

- ಒಪ್ಪಂದವನ್ನು ಓದಿಯೇ ಒಪ್ಪಿಗೆ ನೀಡುವುದು. ತಿಳಿಯದಿದ್ದಲ್ಲಿ ತಿಳಿದವರಿಂದ ಓದಿಸಿಕೊಳ್ಳುವುದು.
- ಕಾಯಂ ಗ್ರಾಹಕರನ್ನು ಆ್ಯಪ್ ಒಳಗಿನ ನೇರ ಬುಕಿಂಗ್‌ಗೆ ಪ್ರೋತ್ಸಾಹಿಸುವುದು.
- ಹೊರಗಿನ ಒಪ್ಪಂದವಿದ್ದಲ್ಲಿ ದರ, ವೇಳೆ, ರದ್ದತಿ ಮತ್ತು ಗಾಯವಾದಾಗ ಚಿಕಿತ್ಸಾ ವೆಚ್ಚ ಭರಿಸುವವರು ಯಾರೆಂಬುದನ್ನು ಬರೆದಿಟ್ಟುಕೊಳ್ಳುವುದು.
- ಮನೆಯ ಬೀಗದ ಕೈ ಪಡೆದಾಗ ಮತ್ತು ಹಿಂದಿರುಗಿಸಿದಾಗ ಸಂದೇಶದ ಮೂಲಕ ಖಚಿತಪಡಿಸಿಕೊಳ್ಳುವುದು.
- ಪ್ರತಿ ವಾರದ ಸಂದಾಯ ಮತ್ತು ಕಡಿತಗಳ ವಿವರವನ್ನು ಕಾಪಾಡಿಕೊಳ್ಳುವುದು.

ಕಡಿತ, ಖಾತೆ ರದ್ದತಿ ಅಥವಾ ನೋಂದಣಿಗೆ ಸಂಬಂಧಿಸಿದ ದೂರುಗಳಿದ್ದಲ್ಲಿ ಮೊದಲು ಸಂಸ್ಥೆಗೆ ಲಿಖಿತವಾಗಿ ಸಲ್ಲಿಸಿ, ಪರಿಹಾರ ದೊರೆಯದಿದ್ದಲ್ಲಿ ದಾಖಲೆಗಳೊಂದಿಗೆ ಸಮೀಪದ ಕಾರ್ಮಿಕ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.