ಪೆರೋವ್‌ಸ್ಕೈಟ್ ಸೌರಕೋಶಗಳಲ್ಲಿ ಕ್ಲೋರಿನ್ನಿನ ಪಾತ್ರ: ಒಂದು ಚಾರಿತ್ರಿಕ ವಿವೇಚನೆ

ಬಿಸಿಲನ್ನು ವಿದ್ಯುತ್ತಾಗಿ ಮಾರ್ಪಡಿಸುವ ವಸ್ತುಗಳಲ್ಲಿ ಪೆರೋವ್‌ಸ್ಕೈಟ್‌ನಷ್ಟು ಶೀಘ್ರವಾಗಿ ಮುಂದುವರಿದುದು ವಿರಳ. ಈ ಮುನ್ನಡೆಗೆ ಮೂಲವಸ್ತುವಿನ ಗುಣವೊಂದೇ ಕಾರಣವಲ್ಲ. ತಯಾರಿಕೆಯ ವೇಳೆ ದ್ರಾವಣಕ್ಕೆ ಸೇರಿಸುವ ಅನ್ಯ ರಾಸಾಯನಿಕಗಳೂ ಕಾರಣ. ಅವುಗಳಲ್ಲಿ ಕ್ಲೋರಿನ್ನಿನ ಚರಿತ್ರೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೧೮೩೯ರಲ್ಲಿ ಜರ್ಮನಿಯ ಗುಸ್ತಾವ್ ರೋಸ್ ಎಂಬ ವಿದ್ವಾಂಸನು ಉರಲ್ ಪರ್ವತಗಳಿಂದ ಬಂದ ಖನಿಜವೊಂದನ್ನು ವರ್ಣಿಸಿ, ಅದಕ್ಕೆ ರಷ್ಯದ ಲೆವ್ ಪೆರೋವ್‌ಸ್ಕಿಯ ಹೆಸರನ್ನಿಟ್ಟನು. ಮುಂದೆ ಅದೇ ಬಗೆಯ ಹರಳಿನ ರಚನೆಯುಳ್ಳ ವಸ್ತುಗಳಿಗೆಲ್ಲ ಆ ಹೆಸರೇ ಸಂದಿತು. ೧೯೭೮ರಲ್ಲಿ ಡೀಟರ್ ವೆಬರ್ ಎಂಬವರು ಮೀಥೈಲ್ ಅಮೋನಿಯಂ ಮತ್ತು ಸೀಸದ ಹ್ಯಾಲೈಡುಗಳಲ್ಲಿ ಈ ರಚನೆಯನ್ನು ತೋರಿಸಿದರು. ೨೦೦೯ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕ ಮತ್ತು ಸಂಗಡಿಗರು ಇಂಥ ವಸ್ತುವನ್ನು ಸೌರಕೋಶದಲ್ಲಿ ಬಳಸಿದಾಗ ದೊರೆತ ದಕ್ಷತೆ ನೂರಕ್ಕೆ ೩.೮ ಮಾತ್ರ. ಕೋಶದೊಳಗಿನ ದ್ರವವು ಆ ವಸ್ತುವನ್ನೇ ಕರಗಿಸುತ್ತಿದ್ದುದರಿಂದ ಅದು ಬಹುಕಾಲ ಬಾಳಲಿಲ್ಲ.

೨೦೧೨ರಲ್ಲಿ ಆಕ್ಸ್‌ಫರ್ಡಿನ ಹೆನ್ರಿ ಸ್ನೇತ್ ಅವರ ತಂಡವು ಮಿಯಾಸಾಕ ಅವರ ಸಹಯೋಗದೊಡನೆ ದ್ರವವಿಲ್ಲದ ಕೋಶವೊಂದನ್ನು ರಚಿಸಿತು. ದ್ರಾವಣಕ್ಕೆ ಸೀಸದ ಅಯೋಡೈಡಿನ ಬದಲು ಸೀಸದ ಕ್ಲೋರೈಡನ್ನು ಹಾಕಿದ್ದುದು ಇದರ ವಿಶೇಷ. ದಕ್ಷತೆ ೧೦.೯ಕ್ಕೇರಿತು. ೨೦೧೩ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ, ಹೀಗೆ ಸಿದ್ಧವಾದ ಪದರದಲ್ಲಿ ವಿದ್ಯುತ್ಕಣಗಳು ಒಂದು ಮೈಕ್ರೊಮೀಟರಿಗೂ ಹೆಚ್ಚು ದೂರ ಸಾಗಬಲ್ಲವಾಗಿದ್ದವು. ಕ್ಲೋರಿನ್ ಸೇರದ ಪದರದಲ್ಲಾದರೋ ಆ ದೂರ ಅದರ ಹತ್ತನೆಯ ಒಂದು ಪಾಲಿನಷ್ಟಿತ್ತು.

ಇಲ್ಲಿಯೇ ಒಂದು ಸಮಸ್ಯೆ ಉದ್ಭವಿಸಿತು. ಸಿದ್ಧವಾದ ಪದರವನ್ನು ಶೋಧಿಸಿದರೆ ಅದರಲ್ಲಿ ಕ್ಲೋರಿನ್ ಅತ್ಯಲ್ಪ. ಅದರ ಬಹುಪಾಲು ಕಾಯಿಸುವಾಗ ಮೀಥೈಲ್ ಅಮೋನಿಯಂ ಕ್ಲೋರೈಡಿನ ರೂಪದಲ್ಲಿ ಆವಿಯಾಗಿ ಹೋಗಿರುತ್ತದೆ. ಇಲ್ಲದ ವಸ್ತುವು ಗುಣವನ್ನು ಹೇಗೆ ಹೆಚ್ಚಿಸೀತು? ಹೋಗುವ ಮುನ್ನ ಅದು ಹರಳುಗಳ ಬೆಳವಣಿಗೆಯನ್ನು ನಿಧಾನಿಸಿ, ಅವು ದೊಡ್ಡವಾಗಿಯೂ ಕ್ರಮಬದ್ಧವಾಗಿಯೂ ಬೆಳೆಯುವಂತೆ ಮಾಡುತ್ತದೆ ಎಂಬುದೇ ಇದಕ್ಕೆ ಸಮಾಧಾನ. ಹರಳುಗಳ ನಡುವಣ ಗಡಿಗಳು ಕಡಮೆಯಾದಷ್ಟೂ ವಿದ್ಯುತ್ಕಣಗಳ ನಷ್ಟವೂ ಕಡಮೆ. ಕಮಾನು ಕಟ್ಟುವಾಗ ಕೊಟ್ಟ ಮರದ ಆಸರೆಯನ್ನು ಕಮಾನು ನಿಂತ ಮೇಲೆ ತೆಗೆಯುವಂತೆ ಇದರ ಕಾರ್ಯ.

ಈ ತಿಳಿವಳಿಕೆಯು ಮುಂದೆ ಫಲಿಸಿತು. ಫಾರ್ಮಮಿಡಿನಿಯಂ ಸೀಸದ ಅಯೋಡೈಡಿನ ಉಪಯುಕ್ತವಾದ ಕಪ್ಪು ರೂಪವು ಸಾಮಾನ್ಯ ಉಷ್ಣತೆಯಲ್ಲಿ ನಿರುಪಯುಕ್ತವಾದ ಹಳದಿ ರೂಪಕ್ಕೆ ತಿರುಗುವ ಸ್ವಭಾವದ್ದು. ಮೀಥೈಲ್ ಅಮೋನಿಯಂ ಕ್ಲೋರೈಡನ್ನು ಸೇರಿಸಿದರೆ ಕಪ್ಪು ರೂಪಕ್ಕೆ ಹಾದಿ ಸುಗಮವಾಗುವುದೆಂದು ೨೦೧೯ರಲ್ಲಿ ಕೊರಿಯದ ಸಂಶೋಧಕರು ತೋರಿಸಿದರು. ೨೦೨೧ರಲ್ಲಿ ಫಾರ್ಮೇಟ್ ಅಯಾನುಗಳನ್ನು ಸೇರಿಸಿ, ಅಯೋಡೈಡ್ ತಪ್ಪಿದ ತೆರಪುಗಳನ್ನು ತುಂಬಿದಾಗ ದಕ್ಷತೆ ೨೫.೬ನ್ನು ಮುಟ್ಟಿತು.

ಆದರೆ ಸೇರಿಸಿದ ದ್ರವ್ಯವೆಲ್ಲ ಹೀಗೆ ಉಪಕಾರ ಮಾಡಿ ಹೊರಟುಹೋಗುವುದಿಲ್ಲ. ಪೆರೋವ್‌ಸ್ಕೈಟಿನ ಪಕ್ಕದಲ್ಲಿರುವ, ವಿದ್ಯುತ್ತನ್ನು ಒಯ್ಯುವ ಪದರಕ್ಕೆ ಬೆರೆಸುವ ಲಿಥಿಯಂ ಲವಣವು ವಾಹಕತೆಯನ್ನು ಹೆಚ್ಚಿಸುವುದು ನಿಜ. ಅದೇ ಲವಣ ಗಾಳಿಯ ತೇವವನ್ನೂ ಹೀರಿ, ಕೋಶದ ಆಯುಸ್ಸಿಗೆ ಕುಂದು ತರುತ್ತದೆ. ಸಿಲಿಕಾನ್ ಫಲಕಗಳಿಗೆ ೨೫ ವರ್ಷಗಳ ಭರವಸೆ ಕೊಡುವುದು ವಾಡಿಕೆಯಾಗಿರುವಾಗ, ದಕ್ಷತೆಯ ಅಂಕಿಯೊಂದನ್ನೇ ನೋಡುವುದು ಜಮೆಯನ್ನು ಓದಿ ಖರ್ಚನ್ನು ಬಿಟ್ಟಂತೆ. ಸೇರಿಸಿದ ದ್ರವ್ಯವು ಏನನ್ನು ಕೊಟ್ಟಿತು ಎಂಬುದರೊಡನೆ ಏನನ್ನು ಉಳಿಸಿ ಹೋಯಿತು ಎಂಬುದನ್ನೂ ವಿಚಾರಿಸಬೇಕೆಂಬುದೇ ಕ್ಲೋರಿನ್ನಿನ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠ.